ಬೋಳುಗತ್ತಿನ ಕೋಳಿಯೋ, ಗಿರಿರಾಜನೋ, ಕಡಕ್‌ನಾಥೋ? ಬೆಂಗಳೂರಿನ ತಾರಸಿಗೂ ಹಿತ್ತಲಿಗೂ ಒಂದು ಹೋಲಿಕೆ

ನಮ್ಮ ಮನೆಗೆ ಮೊದಲ ಬೋಳುಗತ್ತಿನ ಹೇಂಟೆ ಬಂದ ದಿನ ಎದುರುಮನೆಯ ಹಿರಿಯರು ಕಾಂಪೌಂಡಿನ ಆಚೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ರಾಮದೇವರ ಬೆಟ್ಟದಿಂದ ರಣಹದ್ದಿನ ಮರಿ ಏನಾದರೂ ತಂದಿರಾ?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ತಲೆಯ ಮೇಲೆ ಟೋಪಿಯಿಟ್ಟಂತೆ ಒಂದು ಹಿಡಿ ಗರಿ, ಅದರ ಕೆಳಗೆ ಬೆರಳಷ್ಟೂ ಗರಿಯಿಲ್ಲದ ಕೆಂಪು ಕತ್ತು, ಆಮೇಲೆ ಇದ್ದಕ್ಕಿದ್ದಂತೆ ಸಾಮಾನ್ಯ ಕೋಳಿ. ಅಡುಗೆಮನೆಯಿಂದ ಅರ್ಧಕ್ಕೆ ಎದ್ದು ಓಡಿಬಂದ ಹಾಗೆ ಕಾಣುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದನ್ನು ಟರ್ಕಿ ಕೋಳಿಗೂ ಸಾಮಾನ್ಯ ಕೋಳಿಗೂ ಹುಟ್ಟಿದ ಪಕ್ಷಿ ಎಂದೇ ಜನ ನಂಬಿದ್ದರು. 'ಟರ್ಕೆನ್' ಎಂಬ ಅಡ್ಡಹೆಸರು ಬಂದದ್ದು ಹಾಗೆ. ಅದು ಶುದ್ಧ ಸುಳ್ಳು. ಇದು ಅಪ್ಪಟ ಕೋಳಿ, ಮೊಟ್ಟೆಗೂ ಮಾಂಸಕ್ಕೂ ಸಲ್ಲುವ ಕೋಳಿ.

ಮನೆಯಲ್ಲಿ ಆರೇಳು ಕೋಳಿ ಸಾಕಬೇಕೆಂದು ಹೊರಟವರಿಗೆ ಈ ಊರಿನಲ್ಲಿ ಸಾಮಾನ್ಯವಾಗಿ ಎದುರಾಗುವ ಹೆಸರುಗಳು ನಾಲ್ಕೈದು: ಗಿರಿರಾಜ, ಸ್ವರ್ಣಧಾರಾ, ಕಡಕ್‌ನಾಥ್, ಊರ ನಾಟಿ, ಅಪರೂಪಕ್ಕೆ ಈ ಬೋಳುಗತ್ತು. ಕೇಳಿದವರೆಲ್ಲ ಮೊದಲು ನೋಡುವುದು ರೂಪ, ಎರಡನೆಯದು ವರ್ಷಕ್ಕೆಷ್ಟು ಮೊಟ್ಟೆ ಎಂಬ ಲೆಕ್ಕ. ನಾನು ಇವುಗಳಲ್ಲಿ ಮೂರು ಬಗೆಯನ್ನು ಸಾಕಿ ನೋಡಿದ ಮೇಲೆ ಮೊದಲು ಕೇಳುವ ಪ್ರಶ್ನೆ ಬೇರೆಯೇ ಆಗಿದೆ: ಕೋಳಿಗೂಡಿನ ಮೇಲೆ ಇರುವುದು ಏನು? ಹಲಸಿನ ಮರವೋ, ಸಿಮೆಂಟ್ ಶೀಟೋ? ಉಳಿದ ಆಯ್ಕೆಯೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ಕತ್ತು ಬೋಳಾದದ್ದು ಏಕೆ

ಮೊದಲು ಒಂದು ಭಯ ಹೋಗಲಿ. ಇದು ರೋಗವಲ್ಲ, ಹೇನಿನ ಕಾಟವಲ್ಲ, ಬೇರೆ ಕೋಳಿಗಳು ಕುಕ್ಕಿ ಗರಿ ಕಿತ್ತದ್ದೂ ಅಲ್ಲ. ಮರಿ ಮೊಟ್ಟೆಯೊಡೆದು ಬರುವಾಗಲೇ ಕತ್ತು ಬೋಳಾಗಿರುತ್ತದೆ. ಹಾಗಾಗಿ ಒಂದು ದಿನದ ಮರಿಯಲ್ಲಿಯೇ ಗುರುತು ಹಿಡಿಯಬಹುದು, ಮೋಸಕ್ಕೆ ಅವಕಾಶ ಕಡಿಮೆ. ಡಾಲಿ ಕುರಿ ಹುಟ್ಟಿದ ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯ ವಿಜ್ಞಾನಿಗಳು 2011ರಲ್ಲಿ ಇದರ ಗುಟ್ಟು ಬಿಡಿಸಿದರು. ಒಂದು ಜೀನಿನ ಬದಲಾವಣೆಯಿಂದ ಚರ್ಮದಲ್ಲಿ ಗರಿ ಮೂಡುವುದನ್ನು ತಡೆಯುವ ಒಂದು ಪ್ರೋಟೀನು ಅಗತ್ಯಕ್ಕಿಂತ ಹೆಚ್ಚು ತಯಾರಾಗುತ್ತದೆ. ಕತ್ತಿನ ಚರ್ಮದಲ್ಲಿ ವಿಟಮಿನ್ 'ಎ'ಗೆ ಸಂಬಂಧಿಸಿದ ಒಂದು ಆಮ್ಲವೂ ಇರುವುದರಿಂದ ಆ ತಡೆ ಅಲ್ಲಿ ಇನ್ನಷ್ಟು ಬಲವಾಗುತ್ತದೆ. ಅದಕ್ಕೇ ಕತ್ತು ಪೂರ್ತಿ ಬೋಳು, ಉಳಿದ ಮೈಯಲ್ಲಿ ಗರಿ ತುಸು ವಿರಳ.

ಇದರ ತಳಿಗೆ ಹೆಸರು ತಂದುಕೊಟ್ಟದ್ದು ರೊಮೇನಿಯಾದ ಟ್ರಾನ್ಸಿಲ್ವೇನಿಯಾ. ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ದೇಶದಲ್ಲಿ ತಿರುವನಂತಪುರದ ಸುತ್ತಮುತ್ತಲ ಪ್ರದೇಶವೇ ಬೋಳುಗತ್ತಿನ ನಾಟಿಯ ತವರು. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಈ ದೇಶಿ ಬೋಳುಗತ್ತನ್ನು ಬಳಸಿ 'ಹಿತ್‌ಕಾರಿ' ಎಂಬ ಮಿಶ್ರತಳಿಯನ್ನೂ ಮಾಡಿದ್ದಾರೆ. ಯುರೋಪಿನ ತಳಿಯ ಹುಂಜ ನಾಲ್ಕು ಕಿಲೋದ ಹತ್ತಿರ ಬಂದರೆ ನಮ್ಮ ದೇಶಿಯದು ಚಿಕ್ಕದು. ಇಪ್ಪತ್ತು ವಾರಕ್ಕೆ ಸುಮಾರು ಒಂದು ಕಿಲೋ, ಮೊದಲ ಮೊಟ್ಟೆಗೆ ಆರೂವರೆ ತಿಂಗಳ ಕಾಯುವಿಕೆ, ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ. ಮಾರುವವರು ಎರಡನ್ನೂ ಒಂದೇ ಹೆಸರಿನಲ್ಲಿ ಮಾರುತ್ತಾರೆ. ತಾಯಿಕೋಳಿಯನ್ನು ತೋರಿಸಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ಈಗ ಬೋಳುಗತ್ತಿನೊಳಗೇ ಒಂದು ಹೋಲಿಕೆ ಇದೆ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಬೋಳುಗತ್ತಿನ ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬಂದಿದ್ದರೆ ಕತ್ತು ಸಂಪೂರ್ಣ ನುಣುಪು, ಮೈಯ ಒಟ್ಟು ಗರಿಯಲ್ಲಿ ಸುಮಾರು ಶೇಕಡಾ 40ರಷ್ಟು ಕಡಿಮೆ. ಒಬ್ಬರಿಂದ ಮಾತ್ರ ಬಂದಿದ್ದರೆ ಕತ್ತಿನ ಮುಂಭಾಗದಲ್ಲಿ, ಗಂಟಲಚೀಲದ ಮೇಲೆ ಬೋ ಟೈ ಕಟ್ಟಿದಂತೆ ಒಂದು ಗರಿಗುಚ್ಛ ಉಳಿಯುತ್ತದೆ, ಒಟ್ಟು ಗರಿಯಲ್ಲಿ ಇಪ್ಪತ್ತರಿಂದ ಮೂವತ್ತರಷ್ಟು ಕಡಿತ. ನನಗೆ ಮೊದಲ ಮರಿಗಳನ್ನು ಕೊಟ್ಟವರು "ಎಲ್ಲ ಪ್ಯೂರ್" ಎಂದು ಆಣೆ ಮಾಡಿದ್ದರು. ಎಲ್ಲಕ್ಕೂ ಗುಚ್ಛವಿತ್ತು. ಆಗ ಸಿಟ್ಟು ಬಂತು, ಈಗ ಅದನ್ನೇ ಹುಡುಕಿ ತರುತ್ತೇನೆ. ಏಕೆಂದರೆ ಬೆಂಗಳೂರಿಗೆ ಗುಚ್ಛವಿರುವುದೇ ಸಾಕು. ಪೂರ್ತಿ ಬೋಳಿನ ಮರಿಗಳು ಮೊಟ್ಟೆಯೊಳಗೇ ಸಾಯುವ ಪ್ರಮಾಣ ಸ್ವಲ್ಪ ಹೆಚ್ಚು, ಚಳಿಗೂ ಅವು ಬೇಗ ಕುಗ್ಗುತ್ತವೆ.

ಮನೆಯಲ್ಲಿಯೇ ಮರಿ ಮಾಡಿಸುವವರಿಗೆ ಲೆಕ್ಕ ಸುಲಭ. ಪೂರ್ತಿ ಬೋಳಿನ ಹುಂಜವನ್ನು ಸಾಮಾನ್ಯ ನಾಟಿ ಹೇಂಟೆಗಳೊಂದಿಗೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಗುಚ್ಛದವು. ಗುಚ್ಛದ್ದಕ್ಕೆ ಗುಚ್ಛದ್ದನ್ನೇ ಕೂಡಿಸಿದರೆ ನಾಲ್ಕರಲ್ಲಿ ಒಂದು ಪೂರ್ತಿ ಬೋಳು, ಎರಡು ಗುಚ್ಛ, ಒಂದು ಮಾಮೂಲಿ ಕೋಳಿ. ನಾಲ್ಕೇ ಮರಿಯಲ್ಲಿ ಇದು ಕರಾರುವಾಕ್ಕಾಗಿ ಬರುತ್ತದೆಂದು ಕಾಯಬೇಡಿ, ನಲವತ್ತು ಮರಿ ಆದಾಗ ಹತ್ತಿರ ಬರುತ್ತದೆ.

ಸೆಖೆ, ಶೀಟು, ತಾರಸಿ

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದು, ರೆಕ್ಕೆ ಅಗಲಿಸಿ ನಿಲ್ಲುವುದು, ಜುಟ್ಟು ಮತ್ತು ಗರಿಯಿಲ್ಲದ ಚರ್ಮದ ಮೂಲಕ ಶಾಖ ಹೊರಹಾಕುವುದು ಇಷ್ಟೇ ಅದರ ಉಪಾಯ. ಮೂವತ್ತು ಡಿಗ್ರಿ ದಾಟಿದ ಮೇಲೆ ಅದು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಮೊಟ್ಟೆ ಸಣ್ಣದಾಗುತ್ತದೆ, ಚಿಪ್ಪು ತೆಳುವಾಗುತ್ತದೆ. ಬೋಳುಗತ್ತು ಗೆಲ್ಲುವುದು ಇಲ್ಲಿ. ಇಡೀ ಕತ್ತೇ ಅದಕ್ಕೆ ರೇಡಿಯೇಟರ್.

ಆದರೆ ಪ್ರಾಮಾಣಿಕವಾಗಿ ಒಂದು ಮಾತು ಹೇಳಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ, ಜೂನ್‌ನಿಂದ ಫೆಬ್ರವರಿಯವರೆಗೆ ಮರದ ನೆರಳಿನಲ್ಲಿ ಸಾಕುವವರಿಗೆ ಬೋಳುಗತ್ತಿನಿಂದ ಹೇಳಿಕೊಳ್ಳುವಂಥ ಲಾಭವೇನೂ ಇಲ್ಲ. ರಾಯಚೂರಿನಲ್ಲೋ ಕಲಬುರಗಿಯಲ್ಲೋ ಇದ್ದಿದ್ದರೆ ಎರಡನೆಯ ಯೋಚನೆಯಿಲ್ಲದೆ ಇದನ್ನೇ ತನ್ನಿ ಎನ್ನುತ್ತಿದ್ದೆ. ಹೆಸರಘಟ್ಟದ ಕಡೆ ಕಾಲು ಎಕರೆ ತೋಟವಿದ್ದು, ಮಾವು, ಹಲಸು, ನುಗ್ಗೆಯ ಕೆಳಗೆ ಕೋಳಿ ಅಡ್ಡಾಡುತ್ತದೆಂದರೆ ರೂಪ ಇಷ್ಟವಾದರೆ ತನ್ನಿ, ಇಲ್ಲದಿದ್ದರೆ ಬಿಡಿ.

ತಾರಸಿಯ ಕಥೆ ಬೇರೆ. 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದು ಹವಾಮಾನ ಇಲಾಖೆ ನೆರಳಿನಲ್ಲಿ ಅಳೆದ ಲೆಕ್ಕ. ಕಾಂಕ್ರೀಟ್ ನೆಲ, ಮೂರು ಕಡೆ ಗೋಡೆ, ಮೇಲೆ ಶೀಟು ಇರುವ ಗೂಡಿನೊಳಗೆ ಮಧ್ಯಾಹ್ನ ಎರಡು ಗಂಟೆಗೆ ಕೈಯಿಟ್ಟು ನೋಡಿದವರಿಗೆ ಗೊತ್ತು. ಅಂಥ ಒಂದು ಏಪ್ರಿಲ್‌ನಲ್ಲಿ ನನ್ನ ದಪ್ಪ ಗಿರಿರಾಜ ಹೇಂಟೆಗಳು ಮೂಲೆ ಹಿಡಿದು ಏದುಸಿರು ಬಿಡುತ್ತಿದ್ದಾಗ ಬೋಳುಗತ್ತಿನವು ಕಾಲು ಕೆದರಿ ಹುಳ ಹುಡುಕುತ್ತಿದ್ದವು. ಆ ಮಧ್ಯಾಹ್ನ ನನ್ನ ಅಭಿಪ್ರಾಯ ಬದಲಾಯಿತು. ಹಾಗೆಂದು ತಳಿಯ ಮೇಲೆಯೇ ಭಾರ ಹಾಕಿ ಕೂರುವಂತಿಲ್ಲ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸುವುದು, ಒಂದು ಬದಿಗೆ ಒದ್ದೆ ಗೋಣಿಚೀಲ ಇಳಿಬಿಡುವುದು, ಮಧ್ಯಾಹ್ನದ ಹೊತ್ತಿಗೆ ನೀರು ಬದಲಿಸುವುದು ಯಾವ ಕೋಳಿಗಾದರೂ ಬೇಕು.

ಚಳಿಯಲ್ಲಿ ಇದೇ ಗುಣ ತಿರುಗಿ ಬೀಳುತ್ತದೆ. ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಬೋಳುಗತ್ತು ಮೈ ಬೆಚ್ಚಗಿಡಲು ಹೆಚ್ಚು ತಿನ್ನುತ್ತದೆ. ಬೆಳೆದ ಕೋಳಿಗೆ ಅದು ದೊಡ್ಡ ವಿಷಯವಲ್ಲ, ಗಾಳಿ ನೇರವಾಗಿ ಬಡಿಯದಿದ್ದರೆ ಸಾಕು. ಮರಿಗಳಿಗೆ ಮಾತ್ರ ಕಷ್ಟ. ಮೊದಲ ವಾರ 35 ಡಿಗ್ರಿಯ ಆಸುಪಾಸು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗುವುದು ಎಲ್ಲ ಮರಿಗಳಿಗೂ ಇರುವ ನಿಯಮ. ಬೋಳುಗತ್ತಿನ ಮರಿಗಳಿಗೆ ನಾನು ಬಲ್ಬನ್ನು ಇನ್ನೂ ಒಂದು ವಾರ ಹೆಚ್ಚು ಉರಿಸುತ್ತೇನೆ. ಒಮ್ಮೆ ಡಿಸೆಂಬರಿನಲ್ಲಿ ಮರಿ ತಂದು, ರಾತ್ರಿ ಕರೆಂಟ್ ಹೋದದ್ದು ಗೊತ್ತಾಗದೆ ಮಲಗಿ, ಬೆಳಗ್ಗೆ ಮೂರು ಮರಿಗಳನ್ನು ಮಣ್ಣು ಮಾಡಿದ್ದೇನೆ.

ಉಳಿದವುಗಳ ಮಗ್ಗುಲಲ್ಲಿ ನಿಲ್ಲಿಸಿದರೆ

ಗಿರಿರಾಜ ನಮ್ಮ ಊರಿನದೇ ಮಗು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದದ್ದು, ಹಿತ್ತಲ ಕೋಳಿ ಎಂಬ ಕಲ್ಪನೆಗೆ ಕರ್ನಾಟಕದಲ್ಲಿ ಮರುಜೀವ ಕೊಟ್ಟದ್ದು. ವರ್ಷಕ್ಕೆ 130ರಿಂದ 150 ಮೊಟ್ಟೆ, ಚೆನ್ನಾಗಿ ಮೇಯಿಸಿದರೆ ಹುಂಜ ನಾಲ್ಕೈದು ಕಿಲೋ. ಮಾಂಸದ ತೂಕವೇ ಮುಖ್ಯ ಎನ್ನುವವರು ಮುಂದೆ ಓದುವ ಅಗತ್ಯವೇ ಇಲ್ಲ, ಗಿರಿರಾಜ ತನ್ನಿ. ಆದರೆ ಅದರ ಮೈಯೇ ಅದಕ್ಕೆ ಹೊರೆ: ಎತ್ತರಕ್ಕೆ ಹಾರದು, ನಾಯಿ ಬಂದರೆ ಓಡದು, ಸೆಖೆಯಲ್ಲಿ ಮೊದಲು ಬಳಲುವುದೂ ಅದೇ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ಮೈಯಲ್ಲಿ ಅದಕ್ಕಿಂತ ಹಗುರ, ಮೊಟ್ಟೆಯಲ್ಲಿ ಮುಂದೆ: ವರ್ಷಕ್ಕೆ 180ರಿಂದ 190. ಬೆಳಗ್ಗೆ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳಬೇಕು, ಅಷ್ಟೇ ಸಾಕು ಎನ್ನುವ ಮನೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಬೋಳುಗತ್ತು ಮೊಟ್ಟೆಯ ಲೆಕ್ಕದಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಇವೆರಡರ ತೊಡಕು ಒಂದೇ. ಇವು ಹಲವು ತಳಿಸಾಲುಗಳನ್ನು ಕೂಡಿಸಿ ಮಾಡಿದವು. ಮನೆಯಲ್ಲಿ ಮರಿ ಮಾಡಿಸಿದರೆ ಎರಡನೆಯ ಪೀಳಿಗೆಯಲ್ಲಿ ಅದೇ ಗುಣ ಉಳಿಯುವುದಿಲ್ಲ. ಕಾವು ಕೂರುವ ಬುದ್ಧಿಯೂ ಇವಕ್ಕಿಲ್ಲ. ಹಿಂಡು ಮುಗಿದಾಗ ಮತ್ತೆ ಹೆಬ್ಬಾಳಕ್ಕೆ ಹೋಗಿ ಮರಿಗೆ ಹೆಸರು ಬರೆಸಿ ಬರಬೇಕು. ಬೋಳುಗತ್ತಿನ ಗುಣ ಒಂದೇ ಜೀನಿನದಾದ್ದರಿಂದ ಊರ ನಾಟಿಯ ಜೊತೆ ಬೆರೆಸಿದರೂ ತಲೆಮಾರುಗಳ ಕಾಲ ಉಳಿಯುತ್ತದೆ. ನಾಟಿ ಹೇಂಟೆ ವರ್ಷಕ್ಕೆ ಅರವತ್ತೆಂಬತ್ತು ಮೊಟ್ಟೆಗೆ ನಿಂತುಬಿಡುತ್ತದೆ ನಿಜ, ಆದರೆ ಮಂಕರಿಯಲ್ಲಿ ಹುಲ್ಲು ಹಾಸಿ ಹನ್ನೆರಡು ಮೊಟ್ಟೆ ಇಟ್ಟರೆ 21 ದಿನ ಅಲುಗಾಡದೆ ಕೂತು, ಮರಿಗಳನ್ನು ಹದ್ದಿನಿಂದ ಕಾಪಾಡಿ ದೊಡ್ಡದು ಮಾಡುತ್ತದೆ. ನನ್ನ ಹಿಂಡು ಈಗ ಇರುವುದು ಹೀಗೆಯೇ: ಒಂದು ಪೂರ್ತಿ ಬೋಳಿನ ಹುಂಜ, ನಾಲ್ಕು ನಾಟಿ ಹೇಂಟೆ, ಅವುಗಳ ಗುಚ್ಛದ ಮಕ್ಕಳು. ಇನ್‌ಕ್ಯುಬೇಟರ್ ಬೇಡ, ಮರಿಗಾಗಿ ಅಲೆದಾಟವಿಲ್ಲ.

ಕಡಕ್‌ನಾಥದ ಬಗ್ಗೆ ನನ್ನ ಮಾತು ಕೆಲವರಿಗೆ ಹಿಡಿಸದು. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಚರ್ಮ, ಮಾಂಸ, ಮೂಳೆಯವರೆಗೂ ಕಪ್ಪು ವರ್ಣ ಇಳಿದಿರುವುದು ನಿಜಕ್ಕೂ ಬೆರಗು. ಆದರೆ ಅದು ಚಿಕ್ಕ ಕೋಳಿ, ಹುಂಜವೇ ಎರಡು ಕಿಲೋ ದಾಟುವುದು ಕಷ್ಟ, ಮೊಟ್ಟೆ ವರ್ಷಕ್ಕೆ ನೂರರೊಳಗೆ, ಕಾವು ಕೂರುವುದರಲ್ಲಿ ಸೋಮಾರಿ. ಅದರ ಮೊಟ್ಟೆ ಕಪ್ಪಲ್ಲ, ನಸುಕಂದು. ಕಪ್ಪು ಮೊಟ್ಟೆ ಎಂದು ಯಾರಾದರೂ ಮಾರಿದರೆ ಅಲ್ಲಿಂದ ಹೊರಡಿ. ದುಬಾರಿ ಬೆಲೆಗೆ ಕೊಳ್ಳುವ ಗಿರಾಕಿ ಕೈಯಲ್ಲಿದ್ದರೆ ಸಾಕಿ. ಮನೆಯ ಊಟಕ್ಕಾದರೆ ಅಷ್ಟೇ ಮೊಟ್ಟೆ ಕೊಟ್ಟು ಬಿಸಿಲನ್ನೂ ತಾಳುವ ಬೋಳುಗತ್ತು ಅರ್ಥಪೂರ್ಣ.

ಗುಂಗುರು ಗರಿಯ ಕೋಳಿಯನ್ನು ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅದಕ್ಕೂ ಸೆಖೆ ತಾಳುವ ಗುಣವಿದೆ, ಆದರೆ ಗುಂಗುರಿಗೆ ಗುಂಗುರನ್ನೇ ಕೂಡಿಸಿದರೆ ಕಾಲು ಭಾಗದಷ್ಟು ಮರಿಗಳಿಗೆ ಗರಿ ಮುರಿದು ಉದುರುತ್ತದೆ. ಹೊಸಬರಿಗೆ ಬೇಡ. ಸಿಲ್ಕಿ, ಪೋಲಿಷ್ ಮುಂತಾದವು ನೋಡುವುದಕ್ಕೆ, ಅವು ಈ ಲೇಖನದ ವಿಷಯವಲ್ಲ.

ಹುಂಜದ ಪ್ರಶ್ನೆ, ಅಡುಗೆಮನೆಯ ಪ್ರಶ್ನೆ

ಮೊಟ್ಟೆಗೂ ಮಾಂಸಕ್ಕೂ ಎಂದು ಕೋಳಿ ತಂದವರು ಮರೆಯುವ ಸಂಗತಿ: ತಂದ ಹತ್ತು ಮರಿಗಳಲ್ಲಿ ಐದು ಹುಂಜ. ಮೊಟ್ಟೆ ಇಡುವುದಕ್ಕೆ ಹೇಂಟೆಗೆ ಹುಂಜ ಬೇಕಿಲ್ಲ, ಮರಿಯಾಗುವುದಕ್ಕೆ ಮಾತ್ರ ಬೇಕು. ಹುಂಜ ಕೂಗುವುದು ಬೆಳಗಿನ ನಾಲ್ಕಕ್ಕೆ. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ, ಬಾಡಿಗೆ ಮನೆಯಲ್ಲಿ, ಅಪಾರ್ಟ್‌ಮೆಂಟಿನಲ್ಲಿ ಮೊದಲೇ ಒಪ್ಪಿಗೆ ಕೇಳಿಕೊಳ್ಳದಿದ್ದರೆ ಕೋಳಿಗಿಂತ ಮುಂಚೆ ನೀವು ಹೊರಗೆ ಬೀಳುತ್ತೀರಿ. ಕುಯ್ಯಲು ಮನಸ್ಸಾಗದವರು ಈ ಬಗೆಯ ಮರಿಗಳನ್ನು ತರಲೇಬಾರದು, ಬೆಳೆದ ಹೇಂಟೆಗಳನ್ನೇ ಕೊಳ್ಳಬೇಕು.

ಕುಯ್ಯುವವರಿಗೆ ಬೋಳುಗತ್ತು ಒಂದು ವರ. ಬಿಸಿನೀರಿನಲ್ಲಿ ಅದ್ದಿ ತೆಗೆದರೆ ಪುಕ್ಕ ಕೀಳುವ ಕೆಲಸ ಮಾಮೂಲಿ ಕೋಳಿಗಿಂತ ಬಹಳ ಬೇಗ ಮುಗಿಯುತ್ತದೆ. ಗರಿಯೆಂದರೆ ಬಹುಪಾಲು ಪ್ರೋಟೀನೇ. ಗರಿಗೆ ಹೋಗಬೇಕಾದ ಮೇವು ಇಲ್ಲಿ ಮಾಂಸಕ್ಕೆ ಉಳಿಯುತ್ತದೆ. ಫ್ರಾನ್ಸಿನಲ್ಲಿ 'ಲೇಬಲ್ ರೂಜ್' ಎಂಬ ಗುಣಮಟ್ಟದ ಗುರುತಿನಡಿ ಮಾರುವ, ಕನಿಷ್ಠ 81 ದಿನ ಬೆಳೆಸಿದ ಕೋಳಿಗಳಲ್ಲಿ ಬೋಳುಗತ್ತಿನವು ಹೇರಳ. ಅಲ್ಲಿನವರು ರುಚಿಯ ವಿಷಯದಲ್ಲಿ ಸುಮ್ಮನೆ ಒಪ್ಪುವವರಲ್ಲ. ನಮ್ಮ ಮನೆಯಲ್ಲಿ ಐದಾರು ತಿಂಗಳ ಹುಂಜ ಮುದ್ದೆಯ ಜೊತೆಗಿನ ಸಾರಿಗೆ ಹದವಾಗಿ ಬರುತ್ತದೆ. ಗಿರಿರಾಜದಷ್ಟು ತುಂಡುಗಳು ಸಿಗುವುದಿಲ್ಲ, ನಾಲಿಗೆಗೆ ನಾಟಿಯ ಹತ್ತಿರ ನಿಲ್ಲುತ್ತದೆ.

ಸಾಕುವಾಗ ವ್ಯತ್ಯಾಸ ಎಲ್ಲಿ

ಜಾಗ, ಮೇವು, ಹಾಸು ಇವುಗಳಲ್ಲಿ ತಳಿಗಳ ನಡುವೆ ಅಂಥ ವ್ಯತ್ಯಾಸವಿಲ್ಲ. ಗೂಡಿನೊಳಗೆ ಕೋಳಿಗೊಂದು ಮೂರು ನಾಲ್ಕು ಚದರಡಿ, ಅಡ್ಡಾಡಲು ಹತ್ತು. ದಿನಕ್ಕೆ ನೂರರಿಂದ ನೂರಿಪ್ಪತ್ತು ಗ್ರಾಂ ಮೇವು. ನೆಲಕ್ಕೆ ಭತ್ತದ ಹೊಟ್ಟು, ಅದನ್ನು ಒಣಗಿಸಿಟ್ಟರೆ ವಾಸನೆಯ ದೂರು ಬರುವುದಿಲ್ಲ. ಮೇಲೆ ಬಲೆ ಕಡ್ಡಾಯ, ಈ ಊರಿನ ಆಕಾಶದಲ್ಲಿ ಹದ್ದುಗಳಿಗೆ ಬರವಿಲ್ಲ. ಕೆಳಗೆ ಹೆಗ್ಗಣ ತೂರದಂತೆ ಸಣ್ಣ ಕಣ್ಣಿನ ಜಾಲರಿ.

ಬೋಳುಗತ್ತಿಗೆ ಗಮನ ಬೇಕಾದದ್ದು ಚರ್ಮಕ್ಕೆ. ಬಿಸಿಲಿಗೆ ಕತ್ತು ಕೆಂಪಾಗುವುದು ಸಹಜ, ಹುಂಜಗಳಲ್ಲಿ ವಯಸ್ಸಿಗೆ ಬಂದಂತೆ ಇನ್ನೂ ಕೆಂಪು. ಆದರೆ ಗುಳ್ಳೆ, ಹಕ್ಕಳೆ ಕಂಡರೆ ಅದು ಸಿಡುಬು. ಕೋಳಿ ಸಿಡುಬು ಗರಿಯಿಲ್ಲದ ಚರ್ಮದ ಮೇಲೆಯೇ ಕಾಣಿಸಿಕೊಳ್ಳುವ ಕಾಯಿಲೆ, ಹರಡುವುದು ಮುಖ್ಯವಾಗಿ ಸೊಳ್ಳೆಯಿಂದ. ಬೇರೆ ಕೋಳಿಗೆ ಮುಖ, ಜುಟ್ಟು, ಕಾಲು ಇದ್ದರೆ ಇದಕ್ಕೆ ಜೊತೆಗೆ ಇಡೀ ಕತ್ತೂ ಇದೆ. ಆದ್ದರಿಂದ ಆರರಿಂದ ಎಂಟು ವಾರದೊಳಗಿನ ಸಿಡುಬಿನ ಲಸಿಕೆಯನ್ನು ನಾನು ಯಾವತ್ತೂ ಬಿಡುವುದಿಲ್ಲ. ಮಳೆಗಾಲದಲ್ಲಿ ಗೂಡಿಗೆ ಸೊಳ್ಳೆಪರದೆಯನ್ನೂ ಕಟ್ಟುತ್ತೇನೆ. ನೆಂಟರು ನಗುತ್ತಾರೆ, ನಗಲಿ.

ಉಳಿದ ಲಸಿಕೆಗಳು ಎಲ್ಲ ತಳಿಗೂ ಒಂದೇ: ಮೊದಲ ವಾರದಲ್ಲಿ ಕೊಕ್ಕರೆ ರೋಗಕ್ಕೆ (ರಾಣಿಖೇತ್), ಎರಡನೆಯ ವಾರ ಗುಂಬೊರೊ ಎಂಬ ವೈರಸ್ ರೋಗಕ್ಕೆ, ನಾಲ್ಕನೆಯ ವಾರ ಮತ್ತೆ ಕೊಕ್ಕರೆ ರೋಗಕ್ಕೆ, ಎಂಟರ ಹೊತ್ತಿಗೆ ಅದರದೇ ಚುಚ್ಚುಮದ್ದು. ಲಸಿಕೆ ಬರುವುದು ನೂರಾರು ಡೋಸಿನ ಸೀಸೆಯಲ್ಲಿ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಎಂಟು ಕೋಳಿಯವರಿಗೆ ಇದು ತಲೆನೋವು. ನಾವು ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ವಾರದಲ್ಲಿ ಮರಿ ತಂದು, ಒಂದೇ ಭಾನುವಾರ ಸೀಸೆ ಹಂಚಿಕೊಳ್ಳುತ್ತೇವೆ. ಕಲಿಯಬೇಕೆನ್ನುವವರಿಗೆ ಹೆಸರಘಟ್ಟದಲ್ಲಿರುವ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ತರಬೇತಿ ಸಿಗುತ್ತದೆ. ತಳಿಗಳನ್ನು ಕಣ್ಣಾರೆ ನೋಡಬೇಕೆಂದರೆ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯ ಕೃಷಿ ಮೇಳ ಒಳ್ಳೆಯ ಜಾಗ, ಅಲ್ಲಿ ರೈತರನ್ನೇ ಮಾತನಾಡಿಸಬಹುದು.

ಮರಿ ತರುವ ತಿಂಗಳು

ಗಿರಿರಾಜ, ಸ್ವರ್ಣಧಾರಾಗಳನ್ನು ಮರಿ ಸಿಕ್ಕಾಗ ತಂದರಾಯಿತು. ಬೋಳುಗತ್ತನ್ನು ಮಾತ್ರ ಆಗಸ್ಟ್ ಕೊನೆಯಲ್ಲೋ ಸೆಪ್ಟೆಂಬರ್ ಮೊದಲ ವಾರದಲ್ಲೋ ತನ್ನಿ. ಡಿಸೆಂಬರಿನ ಚಳಿ ಬರುವಷ್ಟರಲ್ಲಿ ಮರಿಗಳಿಗೆ ಮೂರು ತಿಂಗಳು ದಾಟಿ, ಇರುವಷ್ಟು ಗರಿ ಬಲಿತಿರುತ್ತದೆ. ಆರೂವರೆ ತಿಂಗಳ ಲೆಕ್ಕದಲ್ಲಿ ಮಾರ್ಚ್ ನಡುವೆ ಮೊದಲ ಮೊಟ್ಟೆ. ಪಕ್ಕದ ಮನೆಯ ಗೂಡಿನಲ್ಲಿ ಸೆಖೆಗೆ ಮೊಟ್ಟೆ ಕಡಿಮೆಯಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಹೋದ ಯುಗಾದಿಯ ಮಾರನೆಯ ದಿನ ಎದುರುಮನೆಯ ಆ ಹಿರಿಯರು ಸ್ಟೀಲ್ ಡಬ್ಬಿ ಹಿಡಿದು ಗೇಟಿನ ಬಳಿ ನಿಂತಿದ್ದರು. "ನಿಮ್ಮ ರಣಹದ್ದು ಇವತ್ತು ಎಷ್ಟು ಇಟ್ಟಿದೆ?" ಎಂದು ಕೇಳಿದರು. ಆರು ಕೊಟ್ಟು ಕಳಿಸಿದೆ.